ಹಾಸಿನವ ಹೇಗೆ ಬದುಕುವುದು?

ಒಂದು ದಾಳ ಉರುಳಿಸಿದರೆ ಸಮಸಂಖ್ಯೆ ಬೀಳುವ ಸಂಭವನೀಯತೆ ಎಷ್ಟು ಎಂದು ಹತ್ತನೇ ಕ್ಲಾಸಿನ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಬರುತ್ತದೆ. ಅದೇ ಮಕ್ಕಳ ಮುಂದೆ ಜಾತ್ರೆಗದ್ದೆಯ ಮೂಲೆಯ ಆಟವೊಂದನ್ನು ಇಟ್ಟು ನೋಡಿ. ನೆಲದ ಮೇಲೆ ಆರು ಚಿತ್ರಗಳ ಹಾಸು. ಅದೇ ಆರು ಚಿತ್ರಗಳಿರುವ ಮೂರು ದಾಳ, ಅಲುಗಿಸಲು ಒಂದು ಡಬ್ಬಿ. ನೀವು ಒಂದು ಚಿತ್ರದ ಮೇಲೆ 10 ರೂಪಾಯಿ ಇಡುತ್ತೀರಿ. ನಿಮ್ಮ ಚಿತ್ರ ಒಂದು ದಾಳದಲ್ಲಿ ಬಂದರೆ ಇಟ್ಟ ಹಣದ ಜೊತೆ 10 ರೂಪಾಯಿ, ಎರಡರಲ್ಲಿ ಬಂದರೆ 20, ಮೂರರಲ್ಲೂ ಬಂದರೆ 30. ಬಾರದಿದ್ದರೆ ಇಟ್ಟದ್ದು ಹೋಯಿತು. ಆಡಬಹುದೋ, ಬಾರದೋ?

ಉಡುಪಿ ಕಡೆಯ ಒಂದು ಶಾಲೆಯ ಜಗಲಿಯಲ್ಲಿ, ಆಟದ ಪೀರಿಯಡ್ ಮಳೆಗೆ ಹೋದ ಮಧ್ಯಾಹ್ನ, ಈ ಪ್ರಶ್ನೆಗೆ ಬಂದ ಉತ್ತರ ಇವತ್ತಿಗೂ ತಲೆಯಲ್ಲಿದೆ. "ಮೂರು ದಾಳ ಉಂಟಲ್ಲ ಸರ್, ಒಂದೊಂದರಲ್ಲಿ ಆರನೇ ಒಂದು. ಮೂರು ಸೇರಿದರೆ ಅರ್ಧ. ಮೇಲಿಂದ ಎರಡು ಬಿದ್ದರೆ ಡಬಲ್ ಸಿಗ್ತದೆ. ಧೈರ್ಯದಲ್ಲಿ ಆಡ್ಬಹುದು." ಮೂವತ್ತಾರು ಮಕ್ಕಳಲ್ಲಿ ಹೆಚ್ಚಿನವರು ತಲೆಯಾಡಿಸಿದರು. ಕಂಬಕ್ಕೆ ಒರಗಿ ಕೂತಿದ್ದ ಒಬ್ಬಳು ಮಾತ್ರ, ಲೆಕ್ಕವನ್ನೇ ಮಾಡದೆ, "ಹಾಗಾದ್ರೆ ಆ ಹಾಸಿನವ ಹೇಗೆ ಬದುಕುವುದು?" ಎಂದು ಕೇಳಿದಳು.

ಸಂಭವನೀಯತೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ನಾವು ಸಂಭವನೀಯತೆಯನ್ನು ಮೊದಲು ಕಲಿಸಿ, ನಿರೀಕ್ಷಿತ ಮೌಲ್ಯವನ್ನು, ಅಂದರೆ ಒಂದು ಆಟಕ್ಕೆ ಸರಾಸರಿ ಎಷ್ಟು ಬರುತ್ತದೆ ಅಥವಾ ಹೋಗುತ್ತದೆ ಎನ್ನುವ ಲೆಕ್ಕವನ್ನು, ಮುಂದಿನ ವರ್ಷಗಳಿಗೆ ತಳ್ಳುತ್ತೇವೆ. ಆದರೆ ಎಣಿಕೆ ತಪ್ಪಿದೆ ಎಂದು ಮೊದಲು ವಾಸನೆ ಹಿಡಿಯುವುದು ದುಡ್ಡಿನ ಲೆಕ್ಕವೇ. ಅರ್ಧ ಎನ್ನುವ ಉತ್ತರ ಸರಿಯಾಗಿದ್ದರೆ ಒಂಟಿ ಗೆಲುವಿನಲ್ಲೇ ಆಟ ಸಮಸಮ, ಡಬಲ್ಲು ತ್ರಿಬಲ್ಲು ಪೂರಾ ಆಟಗಾರನ ಲಾಭ. ಹಾಸಿನವ ವರ್ಷವರ್ಷ ನಷ್ಟ ಮಾಡಿಕೊಳ್ಳಲು ಲಾರಿ ಬಾಡಿಗೆ ಕೊಟ್ಟು ಜಾತ್ರೆಯಿಂದ ಜಾತ್ರೆಗೆ ತಿರುಗುತ್ತಾನೆಯೇ?

ಅರ್ಧ ಎಲ್ಲಿಂದ ಬಂತು

ಕೂಡಿಸುವುದರಲ್ಲೇ ತಪ್ಪಿದೆ ಎಂದು ತೋರಿಸಲು ದಾಳಗಳನ್ನು ಹೆಚ್ಚಿಸಿದರೆ ಸಾಕು. ಆರು ದಾಳವಾದರೆ ಆರನೇ ಆರು, ಅಂದರೆ ನಿಮ್ಮ ಚಿತ್ರ ಬಂದೇ ಬರಬೇಕು. ಏಳು ದಾಳವಾದರೆ ಸಂಭವನೀಯತೆ ಒಂದನ್ನೂ ದಾಟುತ್ತದೆ. ಮಕ್ಕಳು ಇಲ್ಲಿ ನಗುತ್ತಾರೆ. ನಕ್ಕ ಮೇಲೆ ಪಟ್ಟಿ ಬರೆಸಬೇಕು, ಸೂತ್ರ ಹೇಳಬಾರದು.

ಮೂರು ದಾಳಕ್ಕೆ ಮೂರು ಬಣ್ಣ ಇದೆ ಎಂದು ಎಣಿಸಿಕೊಳ್ಳಿ. ಬಣ್ಣ ಹಾಕದಿದ್ದರೆ ಎಣಿಕೆಯಲ್ಲಿ ಎಡವುವುದು ಖಚಿತ. ಒಟ್ಟು 6 × 6 × 6 = 216 ಫಲಿತಗಳು. ನಿಮ್ಮ ಚಿತ್ರ ಎಲ್ಲಿಯೂ ಇಲ್ಲದವು 5 × 5 × 5 = 125. ಒಂದೇ ದಾಳದಲ್ಲಿ ಬರುವುದು: ಆ ದಾಳ ಯಾವುದು ಎನ್ನುವುದಕ್ಕೆ 3 ದಾರಿ, ಉಳಿದೆರಡಕ್ಕೆ 5 × 5, ಒಟ್ಟು 75. ಎರಡರಲ್ಲಿ: ಬಾರದ ದಾಳ ಯಾವುದು ಎನ್ನುವುದಕ್ಕೆ 3, ಅದರ ಮುಖಕ್ಕೆ 5, ಒಟ್ಟು 15. ಮೂರರಲ್ಲೂ: 1. ಕೂಡಿಸಿದರೆ 125 + 75 + 15 + 1 = 216. ಈ ಕೂಡಿಕೆಯನ್ನು ಪ್ರತಿಸಲವೂ ಕಾಗದದ ಮೇಲೆ ಮಾಡಿಸಬೇಕು. 75ರ ಬದಲು 25 ಬರೆದವರು, ಅಂದರೆ ಮೂರು ಜಾಗವನ್ನು ಮರೆತವರು, ಇಲ್ಲೇ ಸಿಕ್ಕಿಬೀಳುತ್ತಾರೆ. ಗೆಲ್ಲುವ ಸಂಭವನೀಯತೆ 91/216, ಸುಮಾರು 0.42. ಅರ್ಧವಲ್ಲ.

ಹಾಗಾದರೆ ಆ ಅರ್ಧ ಸುಳ್ಳೇ? ಅಲ್ಲ. ಇದು ಹೆಚ್ಚಿನ ಪಾಠಗಳಲ್ಲಿ ತಪ್ಪಿಹೋಗುವ ಜಾಗ. ಒಂದು ಆಟಕ್ಕೆ ನಿಮ್ಮ ಚಿತ್ರ ಸರಾಸರಿ ಎಷ್ಟು ಸಲ ಬರುತ್ತದೆ ಎಂದು ಕೇಳಿ: (75 × 1 + 15 × 2 + 1 × 3) ÷ 216 = 108/216. ಸರಿಯಾಗಿ ಅರ್ಧ. ಹುಡುಗರು ತಪ್ಪು ಲೆಕ್ಕ ಮಾಡಿರಲಿಲ್ಲ, ಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದರು. ನಿರೀಕ್ಷಿತ ಮೌಲ್ಯಗಳನ್ನು ಕಣ್ಣುಮುಚ್ಚಿ ಕೂಡಿಸಬಹುದು, ಸಂಭವನೀಯತೆಗಳನ್ನು ಹಾಗೆ ಕೂಡಿಸುವಂತಿಲ್ಲ. ಎರಡರಲ್ಲಿ ಬಂದದ್ದನ್ನು ಒಂದು ಕಡೆ ಎರಡು ಸಲ ಎಣಿಸುತ್ತೇವೆ, ಇನ್ನೊಂದು ಕಡೆ ಒಂದೇ ಗೆಲುವು ಎಂದು ಎಣಿಸುತ್ತೇವೆ. ವ್ಯತ್ಯಾಸ ಇಷ್ಟೇ.

ಈಗ ದುಡ್ಡು. 216 ಆಟದಲ್ಲಿ ಹೋಗುವುದು 1250 ರೂಪಾಯಿ, ಬರುವುದು 750 + 300 + 30 = 1080. ನಷ್ಟ 170. ಒಂದು ಆಟಕ್ಕೆ ಸುಮಾರು 79 ಪೈಸೆ. ಒಂದು ರಾತ್ರಿಯಲ್ಲಿ ಹಾಸಿನ ಮೇಲೆ ಹತ್ತರ ಸಾವಿರ ನೋಟು ಬಿದ್ದರೆ ಹಾಸಿನವನಿಗೆ ಸರಾಸರಿ 787 ರೂಪಾಯಿ.

ಆರೂ ಚಿತ್ರಗಳ ಮೇಲೆ ಹತ್ತು ಹತ್ತು ರೂಪಾಯಿ ಇದೆ ಎಂದುಕೊಂಡು ಹಾಸಿನವನ ಕಡೆಯಿಂದ ಲೆಕ್ಕ ಹಾಕಿದರೆ ಇನ್ನೂ ಸೊಗಸು. ಮೂರು ದಾಳದಲ್ಲಿ ಮೂರು ಬೇರೆ ಚಿತ್ರ ಬಂದರೆ ಅವನು ಮೂರು ಕಡೆಯಿಂದ 30 ಎತ್ತಿಕೊಂಡು ಮೂರು ಕಡೆಗೆ 30 ಕೊಡುತ್ತಾನೆ, ಉಳಿಯುವುದು ಸೊನ್ನೆ. ಒಂದು ಚಿತ್ರ ಎರಡು ಸಲ ಬಂದರೆ ನಾಲ್ಕು ಕಡೆಯಿಂದ 40 ಎತ್ತಿ 20 + 10 ಕೊಡುತ್ತಾನೆ, 10 ಉಳಿಯಿತು. ಮೂರೂ ಒಂದೇ ಆದರೆ 50 ಎತ್ತಿ 30 ಕೊಟ್ಟು 20 ಉಳಿಸುತ್ತಾನೆ. ಅಂದರೆ "ಡಬಲ್, ಡಬಲ್!" ಎಂದು ಅವನು ಕೂಗುವ ಹೊತ್ತಿಗೇ ಅವನ ಸಂಪಾದನೆ. ಉದಾರವಾಗಿ ಕಂಡದ್ದೇ ಅಂಗಡಿಯ ಬಂಡವಾಳ. (ಫಲಿತಗಳು 120, 90, 6. ಲೆಕ್ಕ ಹಾಕಿ ನೋಡಿ, 60 ರೂಪಾಯಿಗೆ 4.72, ಅದೇ 79 ಪೈಸೆಯ ದರ.)

ಒಂದೇ ಪ್ರಶ್ನೆ, ಬೇರೆ ಅಂಗಡಿ

ಈ ಪ್ರಶ್ನೆಯನ್ನು ಹಿಡಿದುಕೊಂಡು ಊರು ಸುತ್ತಬಹುದು. ಪೇಪರಿನ ಪೊಲೀಸ್ ಸುದ್ದಿಯಲ್ಲಿ ಓದುವ ಮಟ್ಕಾ: 00ರಿಂದ 99ರವರೆಗೆ ನೂರು ಸಂಖ್ಯೆ, 1 ರೂಪಾಯಿಗೆ 70 ರೂಪಾಯಿ. ನೂರು ಸಂಖ್ಯೆಗೂ ಒಂದೊಂದು ರೂಪಾಯಿ ಇಟ್ಟವನಿಗೆ 70 ವಾಪಸು. ಕನಸಿನಲ್ಲಿ ಕಂಡ ನಂಬರಿಗೂ ಅಷ್ಟೇ. ಇಲ್ಲಿ ಪೆನ್ನು ಕೂಡ ಬೇಡ.

ಯುವಕ ಮಂಡಲದ ಅದೃಷ್ಟ ಚೀಟಿ ಸ್ವಲ್ಪ ಹೆಚ್ಚು ಕೆಲಸ ಕೊಡುತ್ತದೆ. 50 ರೂಪಾಯಿಯ 2000 ಚೀಟಿ, ಬಹುಮಾನ 25,000, 10,000, 5,000 ಒಂದೊಂದು, ಮತ್ತೆ 500ರವು ಇಪ್ಪತ್ತು ಎಂದಿಟ್ಟುಕೊಳ್ಳಿ. ಮಕ್ಕಳು ಒಂದೊಂದು ಬಹುಮಾನಕ್ಕೂ ಭಿನ್ನರಾಶಿ ಬರೆದು ಸುಸ್ತಾಗುತ್ತಾರೆ. ಒಟ್ಟು ಬಹುಮಾನ 50,000, ಒಟ್ಟು ಚೀಟಿ 2000, ಒಂದರ ಬೆಲೆ 25 ರೂಪಾಯಿ, ಮುಗಿಯಿತು. ಆದರೆ ಅಲ್ಲೇ ನಿಲ್ಲಬಾರದು. 2000ದಲ್ಲಿ 1977 ಚೀಟಿಗೆ ಏನೂ ಇಲ್ಲ. ಸರಾಸರಿ 25 ಎನ್ನುವ ಚೀಟಿಗಳಲ್ಲಿ 25 ರೂಪಾಯಿ ಸಿಕ್ಕ ಒಂದೇ ಒಂದು ಚೀಟಿ ಇಲ್ಲ. 'ನಿರೀಕ್ಷಿತ ಮೌಲ್ಯ' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ನಾವು ನಿರೀಕ್ಷಿಸುವುದು ಬರುವ ನೆಂಟರನ್ನು. ಇಲ್ಲಿ ನಿರೀಕ್ಷಿತ ಎನ್ನುವುದು ಯಾವತ್ತೂ ಬಾರದ ನೆಂಟ ಆಗಿರಬಹುದು. 'ಆಟಕ್ಕೆ ತಗಲುವ ಸರಾಸರಿ' ಎಂದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ, ಗಡಿಯ ತಲಪಾಡಿ ದಾಟಿದರೆ ಕೇರಳದ್ದು ಸಿಗುತ್ತದೆ. ಅದರ ಹಿಂಬದಿಯಲ್ಲಿ ಅಚ್ಚಾದ ಬಹುಮಾನಗಳ ಪಟ್ಟಿಯೂ ಇದೇ ಅಭ್ಯಾಸಕ್ಕೆ ಒದಗುತ್ತದೆ.

ಇಸ್ಪೀಟಿನ ಉಲಾಯಿ–ಪಿದಾಯಿ (ಒಳಗೆ–ಹೊರಗೆ) ಎಂದರೆ ನಮ್ಮ ಕಡೆ ವಿವರಿಸಬೇಕಾಗಿಲ್ಲ. ಒಂದು ಎಲೆ ತೆರೆದಿಟ್ಟು, ಅದೇ ಅಂಕದ ಇನ್ನೊಂದು ಎಲೆ ಬರುವವರೆಗೆ ಒಳಗೊಂದು ಹೊರಗೊಂದು ಹಾಕುತ್ತ ಹೋಗುವುದು. ನೋಡಿದರೆ ಅರ್ಧ ಅರ್ಧ. ಉಳಿದ 51 ಎಲೆಗಳಲ್ಲಿ ಆ ಅಂಕದವು 3. ಅವು ಕೂರುವ ಮೂರು ಜಾಗಗಳನ್ನು 20,825 ರೀತಿಯಲ್ಲಿ ಆರಿಸಬಹುದು. ಮೊದಲನೆಯದು ಬೆಸಸ್ಥಾನದಲ್ಲಿ ಬೀಳುವವು 10,725, ಸರಿಸ್ಥಾನದಲ್ಲಿ 10,100. ಮೊದಲ ಎಲೆ ಬೀಳುವ ಕಡೆಗೆ 51.5 ಶೇಕಡಾ! ಎರಡೂ ಕಡೆಗೆ ಸರಿಸಮ ಕೊಟ್ಟರೆ ಮೊದಲ ಕಡೆ ಇಟ್ಟವನಿಗೆ ನೂರಕ್ಕೆ ಮೂರು ರೂಪಾಯಿ ಲಾಭ, ಎಲೆ ಹಂಚುವವನಿಗೆ ನಷ್ಟ. ಗೆದ್ದ ಮೊದಲ ಕಡೆಗೆ ರೂಪಾಯಿಗೆ 90 ಪೈಸೆ ಮಾತ್ರ ಕೊಟ್ಟರೆ ಲೆಕ್ಕ ತಿರುಗಿ ಆ ಕಡೆಯಲ್ಲಿ ನೂರಕ್ಕೆ 2 ರೂಪಾಯಿ 15 ಪೈಸೆ ನಷ್ಟ. ಪಿಯುಸಿಯವರಿಗೆ ಒಳ್ಳೆಯ ಲೆಕ್ಕ, ಹತ್ತನೆಯವರಿಗೆ ಬೇಡ.

ಅಂದ ಹಾಗೆ, ಚೆನ್ನೆಮಣೆಯನ್ನು ಈ ಪಟ್ಟಿಗೆ ಸೇರಿಸಬೇಡಿ. ಹದಿನಾಲ್ಕು ಗುಳಿ, ನಾಲ್ಕು ನಾಲ್ಕು ಕಾಯಿ, ಎಲ್ಲವೂ ಕಣ್ಣೆದುರು. ಅಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಸೋತದ್ದು ಸೋತದ್ದೇ.

ಸಮ ಎಂದು ಹೇಳಿದ್ದು ಯಾರು

ಮನೆಯಲ್ಲಿ ಇಬ್ಬರು ಕ್ಯಾರಂ ಆಡುತ್ತಿದ್ದಾರೆ. ಮೊದಲು ಮೂರು ಗೇಮ್ ಗೆದ್ದವನಿಗೆ ಪಣದ 64 ರೂಪಾಯಿ. ಅಣ್ಣ ಎರಡು, ತಮ್ಮ ಒಂದು ಗೆದ್ದಿದ್ದಾರೆ. ಗಾಳಿಮಳೆ, ಕರೆಂಟ್ ಹೋಯಿತು, ಆಟ ನಿಂತಿತು. ಇಬ್ಬರ ಕೈಯೂ ಸಮ ಎಂದಿಟ್ಟುಕೊಂಡು ದುಡ್ಡು ಹಂಚಿ. 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಚರ್ಚಿಸಿದ್ದು ಇದೇ ಲೆಕ್ಕ, ಪಣದ 64 ಕೂಡ ಪಾಸ್ಕಲನದೇ. ನಿರೀಕ್ಷಿತ ಮೌಲ್ಯ ಹುಟ್ಟಿದ್ದು ಇಲ್ಲಿ. 1657ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಅದನ್ನು ಅಚ್ಚಿಗೆ ತಂದ.

ಮಕ್ಕಳ ಮೊದಲ ಉತ್ತರ 2:1, ಗೆದ್ದ ಗೇಮುಗಳ ಪ್ರಕಾರ. ಇನ್ನು ಆಡಬೇಕಿದ್ದ ಆಟವನ್ನು ನೋಡಿ ಎಂದ ಕೂಡಲೇ ಎರಡನೇ ತಪ್ಪು ಬರುತ್ತದೆ, ಅದು ಹೆಚ್ಚು ಬೆಲೆಬಾಳುವ ತಪ್ಪು. ಮುಂದಿನದನ್ನು ಅಣ್ಣ ಗೆದ್ದರೆ ಮುಗಿಯಿತು. ತಮ್ಮ ಗೆದ್ದು ಆಮೇಲೆ ಅಣ್ಣ ಗೆಲ್ಲಬಹುದು. ತಮ್ಮನೇ ಎರಡೂ ಗೆಲ್ಲಬಹುದು. ಮೂರು ದಾರಿ, ಎರಡು ಅಣ್ಣನಿಗೆ, ಹಾಗಾಗಿ ಮೂರರಲ್ಲಿ ಎರಡು ಪಾಲು. ಹಿಂದಿನ ಉತ್ತರವೇ ಬೇರೆ ಬಾಗಿಲಿನಿಂದ ಬಂತಲ್ಲ ಎಂದು ತರಗತಿಗೆ ಖುಷಿಯೋ ಖುಷಿ. ಇಲ್ಲೇ ಕೇಳಬೇಕಾದ್ದು: ಈ ಮೂರು ದಾರಿ ಸಮ ಎಂದು ಹೇಳಿದ್ದು ಯಾರು? ಮೊದಲನೆಯದು ಒಂದು ಗೇಮಿನ ಮೇಲೆ ನಿಂತಿದೆ, ಅದರ ಸಂಭವನೀಯತೆ ಅರ್ಧ. ಉಳಿದೆರಡು ಎರಡು ಗೇಮಿನ ಮೇಲೆ, ಕಾಲು ಕಾಲು. ಅಣ್ಣನಿಗೆ ಮುಕ್ಕಾಲು, 48 ರೂಪಾಯಿ, ತಮ್ಮನಿಗೆ 16. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವುದು ಮೂರರಲ್ಲಿ ಎರಡು ಎಂದು ದ'ಅಲಂಬೇರನಂಥ ದೊಡ್ಡ ಗಣಿತಜ್ಞನೇ 1754ರಲ್ಲಿ ಬರೆದ. ಮಾಡಿದ್ದು ಇದೇ ತಪ್ಪನ್ನು. ಹತ್ತನೇ ಕ್ಲಾಸಿನವರನ್ನು ಬೈಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಬಸ್ ಸ್ಟಾಪಿನಲ್ಲೂ ಇದೇ ಕಥೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಒಂದೇ ರೂಟಿನ ಬಸ್ಸುಗಳು ಹತ್ತು ನಿಮಿಷಕ್ಕೊಂದರಂತೆ ಹೊರಟವು ಎನ್ನೋಣ. ಜ್ಯೋತಿ ಸ್ಟಾಪು ದಾಟುವ ಹೊತ್ತಿಗೆ ಹಿಂದಿನದು ಮುಂದಿನದರ ಬೆನ್ನಿಗೆ ಬಂದಿರುತ್ತದೆ: ಒಂದು ಅಂತರ 2 ನಿಮಿಷ, ಮುಂದಿನದು 18. ಸರಾಸರಿ ಅಂತರ ಈಗಲೂ ಹತ್ತೇ. ಹೊತ್ತುಗೊತ್ತಿಲ್ಲದೆ ಸ್ಟಾಪಿಗೆ ಬಂದವನು ಸರಾಸರಿ ಐದು ನಿಮಿಷ ಕಾಯಬೇಕು ಎನ್ನುತ್ತಾರೆ ಮಕ್ಕಳು. ಎರಡು ಅಂತರಗಳೂ ಸಮ ಎಂದು ಒಳಗೊಳಗೇ ನಂಬಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಉದ್ದ ಅಂತರದ್ದೇ, ಹಾಗಾಗಿ ಹತ್ತರಲ್ಲಿ ಒಂಬತ್ತು ಸಲ ನೀವು ಬೀಳುವುದು ಅದರೊಳಗೆ, ಅಲ್ಲಿ ಸರಾಸರಿ 9 ನಿಮಿಷ ಕಾಯುವಿಕೆ. ಉಳಿದ ಒಂದು ಸಲ 1 ನಿಮಿಷ. 0.9 × 9 + 0.1 × 1 = 8.2 ನಿಮಿಷ. "ನಾನು ಬಂದಾಗಲೇ ಬಸ್ಸಿಲ್ಲ ಮಾರಾಯ್ರೆ" ಎನ್ನುವವರದ್ದು ಗೊಣಗಾಟ ಅಲ್ಲ, ಗಣಿತ. ಮೊಬೈಲಿನಲ್ಲಿ ಹನ್ನೆರಡು ಬಸ್ಸುಗಳ ಸಮಯ ಬರೆದು ತಂದರೆ ಈ ಲೆಕ್ಕವನ್ನು ನಿಜವಾದ ಅಂತರಗಳಿಂದಲೇ ಮಾಡಬಹುದು: ಪ್ರತಿ ಅಂತರದ ವರ್ಗಗಳನ್ನು ಕೂಡಿ, ಒಟ್ಟು ಸಮಯದ ಇಮ್ಮಡಿಯಿಂದ ಭಾಗಿಸಿ.

ಎಷ್ಟು ಸಲ ಎಸೆಯಬೇಕು

ಪಟ್ಟಿಯಾದ ಮೇಲೆ ಎಸೆದು ನೋಡಬೇಕು. ಇಲ್ಲಿ ಶಾಲೆಗಳಲ್ಲಿ ನಡೆಯುವ ಎಡವಟ್ಟು ಒಂದೇ ಬಗೆಯದು: ಮೂವತ್ತು ಸಲ ಎಸೆದು, ಉತ್ತರ ಹತ್ತಿರ ಬಂದಾಗ ನಿಲ್ಲಿಸಿ, ಸಾಬೀತಾಯಿತು ಎನ್ನುವುದು. ಮೂರು ದಾಳದ ಆಟವನ್ನು 36 ಸಲ ಆಡಿದರೆ 0.42ರ ಪ್ರಕಾರ ಗೆಲುವು ಸುಮಾರು 15, ಅರ್ಧದ ಪ್ರಕಾರ 18. ಸಹಜವಾದ ಏರಿಳಿತವೇ ಮೂರರಷ್ಟು ಇರುವಾಗ ಯಾರು ಸರಿ ಎಂದು ತೀರ್ಮಾನವಾಗುವುದಿಲ್ಲ. 216 ಸಲ ಆಡಿದರೆ 91ಕ್ಕೂ 108ಕ್ಕೂ 17ರ ಅಂತರ, ಏರಿಳಿತ ಏಳರ ಸುತ್ತಮುತ್ತ. ಈಗ ಮಾತಾಡಬಹುದು. ಮೂವತ್ತಾರು ಮಕ್ಕಳು ಆರಾರು ಸಲ ಎಸೆದರೆ ಸರಿಯಾಗಿ 216, ಹತ್ತು ನಿಮಿಷದ ಕೆಲಸ. ಎಸೆತದ ಸಂಖ್ಯೆಯನ್ನು ಮೊದಲೇ ಬೋರ್ಡಿನ ಮೇಲೆ ಬರೆದಿಡಬೇಕು, ಮತ್ತು ಎಸೆಯುವವರು ಬೇರೆ, ಬರೆಯುವವರು ಬೇರೆ ಇರಬೇಕು. ಒಬ್ಬರೇ ಮಾಡಿದರೆ ಮೇಜಿನಿಂದ ಉರುಳಿ ಬಿದ್ದ ದಾಳಗಳಲ್ಲಿ ಇಷ್ಟವಾದವು ಮಾತ್ರ ಲೆಕ್ಕಕ್ಕೆ ಬರುತ್ತವೆ.

ದಾಳಕ್ಕಿಂತ ನನಗೆ ಹುಣಸೆ ಬೀಜವೇ ಹೆಚ್ಚು ಇಷ್ಟ, ಯಾಕೆಂದರೆ ಅದು ಸಮ ಎಂದು ಯಾರೂ ಹೇಳಿಲ್ಲ. ಬೀಜವನ್ನು ಒರಟು ನೆಲಕ್ಕೆ ಉಜ್ಜಿ ಒಂದು ಬದಿ ಬಿಳಿ ಮಾಡಿ. ನಾಲ್ಕು ಬೀಜ ಬೇಕು, ಚೌಕಾಬಾರದ ಲೆಕ್ಕ: ಬಿಳಿ ಎಷ್ಟು ಬಿದ್ದಿತೋ ಅಷ್ಟು ಮನೆ, ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು. ಕಡಿಮೆ ಉಜ್ಜಿದ ಬೀಜ ಅಂಚಿನ ಮೇಲೆ ನಿಲ್ಲುವುದುಂಟು. ಸಿಮೆಂಟಿನ ಮೇಲೆ ಎಸೆದರೆ ಪುಟಿಯುತ್ತದೆ, ಚಾಪೆಯ ಮೇಲೆ ಎಸೆದರೆ ಜಾರದೆ ಬಿದ್ದಲ್ಲೇ ಕೂರುತ್ತದೆ. ಹಾಗಾಗಿ ಎಸೆಯುವ ನೆಲ, ಎತ್ತರ ಬದಲಾಗಬಾರದು.

ಬಿಳಿ ಬೀಳುವ ಸಂಭವನೀಯತೆ ಅರ್ಧ ಎಂದು ಹಿಡಿದರೆ ಹದಿನಾರು ಫಲಿತಗಳಲ್ಲಿ ನಾಲ್ಕೂ ಬಿಳಿಯಾದದ್ದು ಒಂದು, ಎರಡು ಬಿಳಿಯವು ಆರು, ಒಂದು ಬಿಳಿಯವು ನಾಲ್ಕು, ಮೂರು ಬಿಳಿಯವು ನಾಲ್ಕು, ನಾಲ್ಕೂ ಕಪ್ಪಾದದ್ದು ಒಂದು. ಒಟ್ಟು 4 + 12 + 4 + 12 + 8 = 40, ಸರಾಸರಿ 2.5. ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಎಸೆತ ಉಂಟಲ್ಲ? ಅದಕ್ಕೆ ಅನಂತ ಸರಣಿ ಬೇಡ. ಸರದಿಯ ಸರಾಸರಿ ಸ ಎಂದರೆ, ಸ = 2.5 + (1/8) × ಸ. ಅಂದರೆ 20/7, ಸುಮಾರು 2.86 ಮನೆ. ತಾನೇ ತನ್ನೊಳಗೆ ಬರುವ ಈ ಸಮೀಕರಣ ಹೊಳೆದ ಮಗುವಿಗೆ ಆ ದಿನ ಊಟ ಬೇಡ.

ಈಗ ಅರ್ಧ ಎನ್ನುವುದನ್ನು ಬಿಡಿ. ಬಿಳಿಯ ಸಂಭವನೀಯತೆ ಪ ಎನ್ನಿ. ಒಂದು ಎಸೆತದ ಸರಾಸರಿ 4ಪ + 8(1 − ಪ)⁴. ನಾಲ್ಕು ಬೀಜದ ಬಿಳಿಗಳ ಸರಾಸರಿ 4ಪ, ಎಲ್ಲ ಕಪ್ಪಾದಾಗ ಸೊನ್ನೆಯ ಬದಲು ಎಂಟು, ಅಷ್ಟೇ. ಪ 0.4 ಆದರೆ 2.64. 0.6 ಆದರೆ 2.60. ಎರಡೂ 2.5ಕ್ಕಿಂತ ಹೆಚ್ಚು. ಪಿಯುಸಿಯವರು ಅವಕಲನ ಮಾಡಿ ನೋಡಲಿ: ಈ ಸರಾಸರಿ ಅತ್ಯಂತ ಕಡಿಮೆಯಾಗುವುದು ಪ ಸರಿಯಾಗಿ ಅರ್ಧವಾದಾಗ. ಬೀಜ ಯಾವ ಕಡೆ ವಾಲಿದರೂ ಆಟ ವೇಗವಾಗುತ್ತದೆ.

ಬೀಜ ಎಷ್ಟು ವಾಲಿದೆ ಎಂದು ತಿಳಿಯಲು ಎಣಿಸದೆ ಉಪಾಯವಿಲ್ಲ. ಯಕ್ಷಗಾನ ನೋಡಿದವರಿಗೆ ನಳನ ಕಥೆ ಗೊತ್ತು. ದಾರಿಯಲ್ಲಿ ತಾರೆಮರದ ಎರಡು ಕೊಂಬೆ ನೋಡಿ ಐದು ಕೋಟಿ ಎಲೆ, 2095 ಹಣ್ಣು ಎನ್ನುತ್ತಾನೆ ನಳನನ್ನು ಸಾರಥಿಯಾಗಿ ಇಟ್ಟುಕೊಂಡಿದ್ದ ರಾಜ ಋತುಪರ್ಣ. ಎಣಿಸಿ ನೋಡಿ ದಂಗಾದ ನಳ ತನ್ನ ಅಶ್ವಹೃದಯವನ್ನು (ಕುದುರೆಯ ವಿದ್ಯೆ) ಕೊಟ್ಟು ಅವನ ಅಕ್ಷಹೃದಯವನ್ನು (ದಾಳದ ವಿದ್ಯೆ) ಪಡೆಯುತ್ತಾನೆ. ದಾಳದ ವಿದ್ಯೆ, ಎಣಿಕೆಯ ವಿದ್ಯೆ ಅಲ್ಲಿ ಒಂದೇ ಗಂಟು. ಹಳೆಯ ಕಾಲದಲ್ಲಿ ದಾಳವಾಗಿ ಉರುಳುತ್ತಿದ್ದುದೂ ಅದೇ ತಾರೆಕಾಯಿ. ರಾಜ ಹೇಳಿದ್ದನ್ನು ಹಾಗೆಯೇ ನಂಬದೆ, ರಥ ನಿಲ್ಲಿಸಿ ಎಣಿಸಲು ಹೊರಟ ನಳ ನನಗೆ ಹೆಚ್ಚು ಮೆಚ್ಚುಗೆಯವನು.

ನಾಲ್ಕು ಬೀಜವನ್ನು 50 ಸಲ ಎಸೆದರೆ 200 ಬೀಳುಗಳು. ಅದರಲ್ಲಿ 88 ಬಿಳಿ ಬಂದರೆ ಪ 0.44. ಆದರೆ 200ಕ್ಕೆ ಸಹಜ ಏರಿಳಿತ ಆ ಕಡೆ ಈ ಕಡೆ ಏಳೇಳು, ಅದರ ಇಮ್ಮಡಿಯವರೆಗೂ ಅಚ್ಚರಿಪಡಬೇಕಾಗಿಲ್ಲ. ಸಮವಾದ ಬೀಜವೂ ಆಗೊಮ್ಮೆ ಈಗೊಮ್ಮೆ 88 ಕೊಡಬಹುದು. 0.44 ಎಂದು ಪಟ್ಟು ಹಿಡಿಯಬೇಕಾದರೆ 800 ಬೀಳು ಬೇಕು, ನಾಲ್ಕು ಪಟ್ಟು ಕೆಲಸಕ್ಕೆ ಅರ್ಧ ಮಸುಕು ಕಡಿಮೆ. ಇನ್ನೊಂದು ತೊಡಕು: ನಾಲ್ಕೂ ಬೀಜದ ಪ ಒಂದೇ ಎಂದೂ ಯಾರೂ ಹೇಳಿಲ್ಲ. ಬೀಜಕ್ಕೆ ಒಂದೊಂದು ಗುರುತು ಹಾಕಿ ಬೇರೆ ಬೇರೆ ಎಣಿಸಿದರೆ, ಒಂದು ಹಠಮಾರಿ ಬೀಜ ಉಳಿದ ಮೂರರ ಮಾನ ತೆಗೆಯುತ್ತಿರುವುದು ಗೊತ್ತಾಗಬಹುದು.

ಪ 0.3ರಷ್ಟು ವಾಲಿದ ಬೀಜಗಳಲ್ಲಿ ಮರು ಎಸೆತ ಸೇರಿ ಸರದಿಗೆ 4.15 ಮನೆ ಬರುತ್ತದೆ, ಸಮ ಬೀಜದ್ದು 2.86. ಇಬ್ಬರೂ ಅವೇ ಬೀಜದಲ್ಲಿ ಆಡಿದರೆ ಯಾರಿಗೂ ಮೋಸವಿಲ್ಲ, ಆಟ ಬೇಗ ಮುಗಿಯುತ್ತದೆ ಅಷ್ಟೇ. ತನ್ನ ಕಿಸೆಯಿಂದ ತನ್ನವೇ ಬೀಜ ತೆಗೆದವನ ಜೊತೆ ಆಡುವುದಾದರೆ ಮಾತ್ರ ಮೊದಲು ಐವತ್ತು ಎಸೆತ ಕೇಳಿ. ಎಣಿಸಿದ ಬೀಜಗಳನ್ನು ಹಳೆಯ ಪೌಡರ್ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ಚೀಟಿ ಅಂಟಿಸಿಡಿ: "ಬಿಳಿ 0.44, 200 ಬೀಳು, ಚಾಪೆಯ ಮೇಲೆ."